ಬಚ್ಚಲುಮನೆಯ ಇತಿಹಾಸವೂ ಕಟ್ಟುವವರ ಪ್ರಮಾದಗಳೂ

ಮನೆಯನ್ನು ಕಟ್ಟಿಸುವವರು ತಲಬಾಗಿಲಿನ ಆಯವನ್ನು ವಿಚಾರಿಸುವರು, ದೇವರಮನೆಯ ದಿಕ್ಕನ್ನು ಕೇಳುವರು, ಅಡಿಗೆಮನೆಗೆ ಬೆಳಕು ಸಾಲುವದೋ ಇಲ್ಲವೋ ಎಂದು ಚಿಂತಿಸುವರು. ಬಚ್ಚಲಿನ ಮಾತು ಬಂದಾಗ ಮಾತ್ರ ಉಳಿದ ಮೂಲೆಯೊಂದನ್ನು ಬೆರಳಿನಿಂದ ತೋರಿಸಿ ಸುಮ್ಮನಾಗುವದು ಬಹು ಕಾಲದ ರೂಢಿಯಾಗಿದ್ದಿತು. ಈಚಿನ ದಿನಗಳಲ್ಲಿ ಈ ಉಪೇಕ್ಷೆಯು ಹೋಗಿ ಅದರ ಸ್ಥಳದಲ್ಲಿ ಆಡಂಬರವು ಬಂದಿದೆ. ಗೋಡೆಗೆ ಮೆರಗಿನ ಬಿಲ್ಲೆಗಳು, ಆಳೆತ್ತರದ ಕನ್ನಡಿ, ಬೆಳ್ಳಿಯಂತೆ ಹೊಳೆಯುವ ನಲ್ಲಿಗಳು, ಇವುಗಳ ಆಯ್ಕೆಗಾಗಿ ಮನೆಯವರು ವಾರಗಟ್ಟಲೆ ಪೇಟೆ ಸುತ್ತುವರು. ಆದರೆ ಉಪೇಕ್ಷೆಯಲ್ಲಿಯೂ ಆಡಂಬರದಲ್ಲಿಯೂ ಒಂದೇ ಪ್ರಶ್ನೆಯು ಕೇಳದೆ ಉಳಿಯುತ್ತದೆ: ಮಿಂದ ನೀರು ಎಲ್ಲಿಗೆ ಹೋಗಬೇಕು? ಬಚ್ಚಲು ಕಟ್ಟುವವರು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ಪ್ರಶ್ನೆಯನ್ನು ಕಡೆಯಲ್ಲಿ ಕೇಳುವದರಿಂದ, ಅಥವಾ ಕೇಳದೆಯೇ ಇರುವದರಿಂದ ಹುಟ್ಟಿದವುಗಳಾಗಿವೆ.

ಕನ್ನಡ ಭಾಷೆಯು ಈ ವಿಷಯದಲ್ಲಿ ಕಟ್ಟುವವರಿಗಿಂತ ಹೆಚ್ಚು ಎಚ್ಚರವುಳ್ಳದ್ದೆಂದು ಹೇಳಬೇಕು. ಬಚ್ಚಲೆಂದರೆ ಸ್ನಾನ ಮಾಡುವ ಸ್ಥಳವೂ ಹೌದು, ಕೊಳೆನೀರು ಹರಿದು ಬೀಳುವ ಗುಂಡಿಯೂ ಹೌದು. ಸಂಸ್ಕೃತದ ಸ್ನಾನಗೃಹವೆಂಬ ಶಬ್ದದಲ್ಲಿ ನೀರು ಮೈಮೇಲೆ ಬೀಳುವ ವರೆಗಿನ ಸಂಗತಿ ಮಾತ್ರ ಇದೆ. ಬಚ್ಚಲೆಂಬ ದೇಸೀ ಶಬ್ದದಲ್ಲಿ ಅದು ಕಾಲಿನಿಂದ ಇಳಿದು ಹೊರಗೆ ಹೋಗುವ ಸಂಗತಿಯೂ ಅಡಕವಾಗಿದೆ.

ದೇವರ ಸ್ನಾನವನ್ನು ನೋಡಿದರೂ ಇದೇ ಕ್ರಮವು ಕಾಣುವದು. ಚಾಲುಕ್ಯರ ಕಾಲದ ಯಾವ ಶಿವಾಲಯವನ್ನಾದರೂ ಸುತ್ತಿ ಬಂದರೆ ಗರ್ಭಗೃಹದ ಉತ್ತರದ ಗೋಡೆಯಲ್ಲಿ ಅಭಿಷೇಕದ ನೀರು ಹೊರಬೀಳುವ ಪ್ರನಾಳವನ್ನು ಕಾಣಬಹುದು; ಎಷ್ಟೋ ಕಡೆಗೆ ಅದಕ್ಕೆ ಮಕರದ ಮೋರೆಯನ್ನು ಕೊರೆದಿರುವರು. ಲಿಂಗದ ಪಾಣಿಪೀಠಕ್ಕೆ ಒಂದೇ ಕಡೆಗೆ ಚಾಚಿದ ಬಾಯಿ, ಆ ಬಾಯಿಂದ ನೆಲದ ಕಾಲುವೆ, ಕಾಲುವೆಯಿಂದ ಪ್ರನಾಳ. ಈ ದಾರಿಯನ್ನು ಗೋಡೆ ಏಳುವದಕ್ಕಿಂತ ಮೊದಲೇ ಗೊತ್ತುಮಾಡದಿದ್ದರೆ ಆಮೇಲೆ ಕಲ್ಲಿನಲ್ಲಿ ಅದನ್ನು ಸೇರಿಸುವದು ಸಾಧ್ಯವಾಗುತ್ತಿರಲಿಲ್ಲ. ಶಿವಾಲಯದ ಪ್ರದಕ್ಷಿಣೆಯಲ್ಲಿ ಭಕ್ತರು ಆ ಸೋಮಸೂತ್ರವನ್ನು ದಾಟದೆ ಹಿಂದಿರುಗುವರಷ್ಟೆ. ದೇವರ ಮೈಯಿಂದ ಇಳಿದ ನೀರಿಗೂ ಒಂದು ಗೊತ್ತಾದ ದಾರಿಯಿರಬೇಕೆಂಬ ವಿಚಾರವು ಶಿಲ್ಪಿಗಳಿಗೆ ಇಷ್ಟು ಸಹಜವಾಗಿದ್ದಾಗ, ಮನುಷ್ಯರ ಬಚ್ಚಲಿನಲ್ಲಿ ಅದು ಮರೆತುಹೋಗುವದು ವಿಚಿತ್ರವೇ ಸರಿ.

ಭರತಖಂಡದಲ್ಲಿ ಈ ಜ್ಞಾನವು ಅತಿ ಪುರಾತನವಾದುದು. ಸಿಂಧೂತೀರದ ಮೊಹೆಂಜೊದಾರೊ ಪಟ್ಟಣದಲ್ಲಿ ಅಗೆದು ತೆಗೆದ ಮಹಾಸ್ನಾನಕುಂಡವು ಸುಮಾರು 39 ಅಡಿ ಉದ್ದ, 23 ಅಡಿ ಅಗಲ, 8 ಅಡಿ ಆಳವುಳ್ಳದ್ದು. ನೀರು ಸೋರದಂತೆ ಅದರ ಇಟ್ಟಿಗೆಯ ಗೋಡೆಗೆ ಕಲ್ಲರಗಿನ ಲೇಪವಿತ್ತು. ಅದರ ಕೀರ್ತಿಯು ದೊಡ್ಡದು. ಆದರೂ ಮನೆ ಕಟ್ಟುವವರು ಕಲಿಯಬೇಕಾದದ್ದು ಆ ಪಟ್ಟಣದ ಸಾಮಾನ್ಯ ಮನೆಗಳ ಸಣ್ಣ ಬಚ್ಚಲುಗಳಿಂದ. ಅವುಗಳ ನೆಲಕ್ಕೆ ಒತ್ತೊತ್ತಾಗಿ ಜೋಡಿಸಿದ ಇಟ್ಟಿಗೆಗಳು. ನೆಲವು ಒಂದು ಮೂಲೆಯ ಕಡೆಗೆ ಇಳಿಜಾರು. ಆ ಮೂಲೆಯಿಂದ ಗೋಡೆಯನ್ನು ಹಾಯ್ದು ಬೀದಿಯ ಮುಚ್ಚಿದ ಗಟಾರಕ್ಕೆ ದಾರಿ. ಬಚ್ಚಲನ್ನು ಬೀದಿಯ ಗೋಡೆಗೆ ಹತ್ತಿಸಿ ಕಟ್ಟುವದರಿಂದ ಕೊಳೆನೀರು ಮನೆಯ ಒಡಲಿನೊಳಗೆ ಸುತ್ತುವ ಪ್ರಸಂಗವೇ ಇಲ್ಲ. ನಾಲ್ಕು ಸಾವಿರ ವರ್ಷಗಳ ತರುವಾಯವೂ ಇದಕ್ಕಿಂತ ಸರಳವಾದ ಉಪಾಯವು ದೊರೆತಿಲ್ಲ.

ಕನ್ನಡನಾಡಿನ ಅರಸರಲ್ಲಿ ಸ್ನಾನವನ್ನು ಶಾಸ್ತ್ರವಾಗಿ ವಿವರಿಸಿದವನು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ. ಅವನ ಆಳಿಕೆಯು 1126ರಿಂದ 1138ರ ವರೆಗೆ. ಅವನ ಮಾನಸೋಲ್ಲಾಸದಲ್ಲಿ ರಾಜರ ಉಪಭೋಗಗಳನ್ನು ಎಣಿಸುವಲ್ಲಿ ಮೊದಲನೆಯದು ಗೃಹ, ಎರಡನೆಯದೇ ಸ್ನಾನ. ವಸ್ತ್ರ, ಆಭರಣ, ಅನ್ನಗಳೆಲ್ಲ ಆಮೇಲೆ ಬರುವವು. ಹೂವಿನ ವಾಸನೆಯೇರಿದ ಎಳ್ಳೆಣ್ಣೆ, ಮೈತಿಕ್ಕುವವರು, ಹಿಟ್ಟು, ಬಿಸಿನೀರು ಇವೆಲ್ಲವುಗಳ ಕ್ರಮವು ಅಲ್ಲಿದೆ. ರಾಜಭೋಗದ ಗ್ರಂಥವಾದುದರಿಂದ ಎಣ್ಣೆ ತೊಳೆದ ನೀರನ್ನು ಹೊರಗೆ ಸಾಗಿಸುವವರ ಚಿಂತೆಯು ಅದರ ವಿಷಯವಲ್ಲ. ಆ ಚಿಂತೆಯನ್ನು ತಿಳಿಯಬೇಕಾದರೆ ಗ್ರಂಥಗಳನ್ನು ಬಿಟ್ಟು ಕಲ್ಲುಗಳನ್ನೇ ನೋಡಬೇಕು. ಹಂಪೆಯಲ್ಲಿ ರಾಣಿಯ ಸ್ನಾನಗೃಹವೆಂದು ಕರೆಯುವ ಕಟ್ಟಡದ ಕೊಳವು ಸುಮಾರು 50 ಅಡಿ ಚೌಕ, 6 ಅಡಿ ಆಳ. ಸುತ್ತಲೂ ಕಮಾನಿನ ಮೊಗಸಾಲೆ, ಕೊಳದ ಮೇಲೆ ಚಾಚಿದ ಸುಂದರ ಬಾಲ್ಕನಿಗಳು. ಹೊರಗೆ ನೀರಿನ ಕಂದಕ. ನೋಡುವವರು ಬಾಲ್ಕನಿಗಳನ್ನು ಹೊಗಳಿ ಹಿಂದಿರುಗುವರು. ಕೊಳದ ನೆತ್ತಿಯು ಆಕಾಶಕ್ಕೆ ತೆರೆದಿರುವದನ್ನು, ಗಾಳಿಯೂ ಬಿಸಿಲೂ ನೇರವಾಗಿ ನೀರನ್ನು ಮುಟ್ಟುವದನ್ನು ಗಮನಿಸುವವರು ಕಡಿಮೆ. ಬೀದರ ಕೋಟೆಯೊಳಗೂ ಅರಸುಮನೆತನದ ಹಮಾಮು ಇದ್ದಿತು. ಆ ಕಟ್ಟಡವು ಈಗ ವಸ್ತುಸಂಗ್ರಹಾಲಯವಾಗಿದೆ.

ಅರಸರ ವಿಷಯವು ಇಷ್ಟಕ್ಕೆ ಸಾಕು. ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಗೆ ಬಂದರೆ ಕಥೆಯು ಬೇರೆಯಾಗುವದು. ಯಾಕಂದರೆ ಇಲ್ಲಿ ನೀರೇ ಕಡಿಮೆ. ಮಲೆನಾಡಿನವರು ನೀರು ಹೆಚ್ಚಾದುದರ ಕಷ್ಟವನ್ನು ಬಲ್ಲರು. ಈ ಬಯಲುಸೀಮೆಯವರು ಕೊಡವನ್ನು ಎಣಿಸಿ ಬದುಕಿದವರು. ಈ ಸೀಮೆಯಲ್ಲಿ ಬಹು ಕಾಲದ ವರೆಗೆ ಗಂಡಸರ ಸ್ನಾನವು ಮನೆಯಲ್ಲಿ ಆಗುತ್ತಿರಲಿಲ್ಲ. ಹಳ್ಳ, ಕೆರೆ, ಬಾವಿಗಳೇ ಅವರ ಬಚ್ಚಲುಗಳಾಗಿದ್ದವು. ಗಜೇಂದ್ರಗಡದ ಬೆಟ್ಟದ ಬಂಡೆಗೆ ಆತುಕೊಂಡಿರುವ ಕಾಲಕಾಲೇಶ್ವರನ ಗುಡಿಯ ಬಳಿಯಲ್ಲಿ ಅಂತರಗಂಗೆಯೆಂಬ ಸಣ್ಣ ಪುಷ್ಕರಣಿಯುಂಟು. ಗಿಡದ ಬೇರುಗಳ ನಡುವಿನಿಂದ ಮಳೆಗಾಲ ಬೇಸಿಗೆಯೆನ್ನದೆ ಅದಕ್ಕೆ ನೀರು ಇಳಿಯುತ್ತಿರುವದು. ಗಜೇಂದ್ರಗಡದಿಂದ ಹೆಚ್ಚು ದೂರವಿಲ್ಲದ ಸೂಡಿಯು ಕಿಸುಕಾಡು ಎಪ್ಪತ್ತನ್ನು ಆಳಿದ ಚಾಲುಕ್ಯ ರಾಜಪುತ್ರಿ ಅಕ್ಕಾದೇವಿಯ ಊರು. ಅಲ್ಲಿಯ ನಾಗಕುಂಡವು ಹನ್ನೊಂದನೆಯ ಶತಮಾನದ ಕಲ್ಲುಗೆಲಸದ ಮಾದರಿಗಳಲ್ಲಿ ಒಂದು. ಗದುಗಿನ ಬಳಿಯ ಲಕ್ಕುಂಡಿಯಲ್ಲಿ ಮಾಣಿಕೇಶ್ವರನ ಗುಡಿಯ ಮುಂದಿನ ಮುಸುಕಿನ ಬಾವಿಯೂ ಅಂತಹದೇ. ನೀರಿನ ಅಂಚಿನ ವರೆಗೆ ಇಳಿಯುವ ಸೋಪಾನಗಳು, ಅವುಗಳ ನಡುವೆ ಪುಟ್ಟ ಗೂಡುಗುಡಿಗಳು. ಮೆಟ್ಟಲಿಳಿದು ನೀರನ್ನು ಮುಟ್ಟುವದು ಪುಣ್ಯವೆಂದು ತಿಳಿದ ಕಾಲದ ಕಟ್ಟಡಗಳಿವು. ಅವುಗಳ ಸೌಂದರ್ಯದಲ್ಲಿ ಸಂಶಯವಿಲ್ಲ.

ಆದರೆ ಇತಿಹಾಸವನ್ನು ಬರೆಯುವಾಗ ಸೌಂದರ್ಯವನ್ನು ಮಾತ್ರ ಹೇಳಿ ಬಿಡುವದು ನ್ಯಾಯವಲ್ಲ. ಮೆಟ್ಟಲ ಬಾವಿಗಳಲ್ಲಿ ಕಾಲಿಟ್ಟು ಮೀಯುವವರೂ ಅದೇ ನೀರನ್ನು ಕೊಡದಲ್ಲಿ ತುಂಬಿ ಒಯ್ಯುವವರೂ ಕೂಡಿದ್ದರಿಂದ ನಾರುಹುಣ್ಣು ಎಂಬ ಭಯಂಕರ ವ್ಯಾಧಿಯು ಉತ್ತರ ಕರ್ನಾಟಕದ ಹಳ್ಳಿಗಳನ್ನು ತಲೆತಲಾಂತರದಿಂದ ಕಾಡಿತು. ರೋಗಿಯ ಕಾಲಿನ ಹುಣ್ಣು ನೀರಿಗೆ ತಾಗಿದೊಡನೆ ಒಳಗಿನ ಹುಳವು ತನ್ನ ಮರಿಗಳನ್ನು ಅಲ್ಲಿ ಬಿಡುವದು. ನೀರಿನ ಸೂಕ್ಷ್ಮ ಜಂತುಗಳು ಆ ಮರಿಗಳನ್ನು ನುಂಗುವವು. ಆ ನೀರನ್ನು ಸೋಸದೆ ಕುಡಿದವನ ಮೈಯಲ್ಲಿ ವರ್ಷ ಕಳೆಯುವಷ್ಟರಲ್ಲಿ ಮೊಳದುದ್ದದ ನಾರಿನಂತಹ ಹುಳವು ಬೆಳೆದು ಕಾಲಿನಿಂದ ಹೊರಬೀಳುವದು. ಬಿತ್ತುವ ಕಾಲಕ್ಕೆ ಒಕ್ಕಲಿಗನು ಹಾಸಿಗೆ ಹಿಡಿದರೆ ಆ ವರ್ಷದ ಬೆಳೆಯೇ ಹೋಯಿತು. ಭಾರತ ಸರಕಾರವು 1980ರ ದಶಕದ ಆರಂಭದಲ್ಲಿ ಈ ರೋಗದ ನಿರ್ಮೂಲನದ ಕಾರ್ಯವನ್ನು ಕೈಕೊಂಡು, ಮೆಟ್ಟಲ ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸುವದು, ಕೊಳವೆಬಾವಿಗಳನ್ನು ತೆಗೆಯುವದು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸುವದು ಮುಂತಾದ ಉಪಾಯಗಳನ್ನು ನಡೆಸಿತು. ದೇಶದಲ್ಲಿಯ ಕಡೆಯ ರೋಗಿಯು ಕಂಡುಬಂದದ್ದು 1996ರಲ್ಲಿ. 2000ದಲ್ಲಿ ಭಾರತವು ಈ ರೋಗದಿಂದ ಮುಕ್ತವಾಯಿತೆಂದು ಸಾರಲಾಯಿತು. ಮೀಯುವ ನೀರು ಕುಡಿಯುವ ನೀರಿನೊಡನೆ ಕೂಡಬಾರದೆಂಬ ಪಾಠಕ್ಕೆ ಈ ನಾಡು ತೆತ್ತ ಬೆಲೆಯು ಅಲ್ಪವಲ್ಲ. ಇಷ್ಟಾಗಿಯೂ ಮನೆಯ ಕೊಳವೆಬಾವಿಯಿಂದ ಹತ್ತು ಹೆಜ್ಜೆಯೊಳಗೆ ಬಚ್ಚಲಿನ ಇಂಗುಗುಂಡಿಯನ್ನು ತೋಡಿಸುವವರು ಇಂದಿಗೂ ಇರುವರು.

ಹೆಂಗಸರ ಸಂಗತಿಯು ಬೇರೆ. ಅವರಿಗೆ ಹಳ್ಳದ ಸ್ನಾನವೆಂದರೆ ನಸುಕಿನ ಕತ್ತಲೆಯಲ್ಲಿ ಎದ್ದು ಹೋಗುವದು, ಒದ್ದೆ ಸೀರೆಯಲ್ಲಿಯೇ ಹಿಂದಿರುಗುವದು. ಮನೆಯೊಳಗೆ ಬಚ್ಚಲು ಬಂದದ್ದು ಮುಖ್ಯವಾಗಿ ಅವರ ಸಲುವಾಗಿ ಎಂದರೆ ತಪ್ಪಾಗಲಾರದು. ಈ ಸೀಮೆಯ ಹಳೆಯ ಮನೆಗಳನ್ನು ನೋಡಿದವರಿಗೆ ಅದರ ರೂಪವು ಪರಿಚಿತವೇ: ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲ್ಮುದ್ದೆಯ ಮಾಳಿಗೆ, ಮಾಳಿಗೆಯಲ್ಲಿ ಬೆಳಕಿಂಡಿ, ಮುಂದೆ ದನಗಳ ಕೊಟ್ಟಿಗೆ, ಎತ್ತರದ ಪಡಸಾಲೆ, ಒಳಗೆ ಅಡಿಗೆಮನೆ, ಹಿಂದೆ ಹಿತ್ತಲು. ಅಡಿಗೆಮನೆಯ ಮಗ್ಗುಲಲ್ಲಿ, ಹಿತ್ತಲಿನ ಗೋಡೆಗೆ ಹತ್ತಿ, ಮೊಳಕಾಲೆತ್ತರದ ಅಡ್ಡಗೋಡೆಯೊಳಗೆ ನಾಲ್ಕು ಪರಸಿಕಲ್ಲುಗಳು. ಒಂದು ಕಡೆಗೆ ಒಲೆಯಲ್ಲಿ ಹೂತ ತಾಮ್ರದ ಹಂಡೆ. ಗೋಡೆಯಲ್ಲಿ ಸೀಗೆ ಮತ್ತು ದೀಪವಿಡಲು ಗೂಡು. ವಾಸ್ತುಗ್ರಂಥಗಳಲ್ಲಿ ಕೆಲವು ಸ್ನಾನಗೃಹವನ್ನು ಪೂರ್ವಕ್ಕೂ ಅಡಿಗೆಯನ್ನು ಆಗ್ನೇಯಕ್ಕೂ ವಿಧಿಸುವವು. ಮುಂಜಾವಿನ ಬಿಸಿಲು ಒದ್ದೆ ನೆಲವನ್ನು ಒಣಗಿಸುವದೆಂಬುದು ಅದರ ತಾತ್ಪರ್ಯವೆಂದು ತೋರುವದು. ತಾತ್ಪರ್ಯವನ್ನು ಬಿಟ್ಟು ದಿಕ್ಕನ್ನು ಮಾತ್ರ ಹಿಡಿದು, ಪೂರ್ವದಲ್ಲಿ ನೆರೆಮನೆಯ ಗೋಡೆ ಎದ್ದುನಿಂತಿದ್ದರೂ ಅಲ್ಲಿಯೇ ಕಿಂಡಿಯಿಲ್ಲದ ಬಚ್ಚಲನ್ನು ಕಟ್ಟಿಸುವದು ಶಾಸ್ತ್ರವನ್ನು ಓದಿದ ರೀತಿಯಲ್ಲ.

ಈ ಸೀಮೆಯಲ್ಲಿ ಬಚ್ಚಲಿನ ತಪ್ಪಿಗೆ ಬೇರೆಡೆಗಿಂತ ಹೆಚ್ಚಿನ ದಂಡವುಂಟು. ಅದಕ್ಕೆ ಕಾರಣವು ಎರೆಯ ಮಣ್ಣು. ಜೋಳ, ಕಡಲೆ, ಹತ್ತಿಗಳಿಗೆ ತಾಯಿಯಾದ ಈ ಕರಿಮಣ್ಣು ಗೋಡೆಗೆ ಮಲತಾಯಿ. ನೀರನ್ನು ಕುಡಿದಾಗ ಉಬ್ಬುವದು, ಒಣಗಿದಾಗ ಕುಗ್ಗಿ ಬಾಯಿಬಿಡುವದು. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಯುವಷ್ಟು ಸೀಳು. ಮನೆಯ ಒಂದು ಮೂಲೆಯ ಅಡಿಯಲ್ಲಿ ಮಾತ್ರ ಬಚ್ಚಲಿನ ನೀರು ದಿನವೂ ಇಂಗುತ್ತಿದ್ದರೆ ಆ ಮೂಲೆಯ ಮಣ್ಣು ಸದಾ ಉಬ್ಬಿರುವದು, ಉಳಿದ ಮೂರು ಮೂಲೆಗಳು ಋತುವಿಗೆ ತಕ್ಕಂತೆ ಏರಿಳಿಯುವವು. ಗೋಡೆಯು ಓರೆಯಾಗಿ ಸೀಳುವದು ಇದರಿಂದಲೇ. ಎರೆಯನ್ನು ಅಗೆದು ಗರಸು ಸಿಗುವ ವರೆಗೆ ಬುನಾದಿಯನ್ನು ಇಳಿಸಬೇಕೆಂದು ಹಳೆಯ ಗೌಂಡಿಗಳು ಹಟ ಹಿಡಿಯುತ್ತಿದ್ದುದೂ, ಬಚ್ಚಲಿನ ತೂಬನ್ನು ಗೋಡೆಯಿಂದ ದೂರಕ್ಕೆ ಚಾಚಿಸುತ್ತಿದ್ದುದೂ ಇದಕ್ಕಾಗಿ. ಬಿರುಕಿಗೆ ಸಿಮೆಂಟು ತುಂಬಿ ಬಣ್ಣ ಬಳಿದರೆ ರೋಗಿಯ ಮುಖಕ್ಕೆ ಗಂಧ ಹಚ್ಚಿದಂತಾಯಿತು. ಮರುವರ್ಷ ಅದೇ ಸ್ಥಳದಲ್ಲಿ ಗೋಡೆ ಮತ್ತೆ ಸೀಳುವದು.

ಇನ್ನೊಂದು ಕಾರಣವೂ ಇದ್ದಿತು. ಅದು ಹಗೇವು. ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿ, ಸುತ್ತಲೂ ಹುಲ್ಲು ಕೊಟ್ಟು, ಬಾಯಿಗೆ ಕಲ್ಲು ಮಣ್ಣು ಮುಚ್ಚಿ ಬರಗಾಲಕ್ಕೆ ಕಾದಿಡುವದು ಧಾರವಾಡ ಸೀಮೆಯ ಪದ್ಧತಿಯಾಗಿದ್ದಿತು. ಒಣ ನೆಲದಲ್ಲಿ ಕಾಳು ವರ್ಷಾನುಗಟ್ಟಲೆ ಕೆಡದೆ ಉಳಿಯುವದು. ತೇವ ತಾಗಿದರೆ ಕಪ್ಪುಗಟ್ಟಿ ಮುಗ್ಗಲು ಹಿಡಿಯುವದು. ಬಚ್ಚಲಿನ ನೀರು ಹಗೇವಿಗೆ ಇಳಿದರೆ ಹೋದದ್ದು ಗೋಡೆಯಲ್ಲ, ವರ್ಷದ ಅನ್ನ. ಅದಕ್ಕಾಗಿ ಮನೆಯ ಯಜಮಾನನು ಹಗೇವಿನ ಸ್ಥಳವನ್ನು ಮೊದಲು ಗೊತ್ತುಮಾಡಿ, ಬಚ್ಚಲನ್ನು ಅದರಿಂದ ದೂರಕ್ಕೆ, ಇಳಿಜಾರಿನ ಕೆಳಗಡೆಗೆ ಇಡಿಸುತ್ತಿದ್ದನು. ಹಗೇವುಗಳು ಮುಚ್ಚಿಹೋದವು, ಕಾಳು ಚೀಲಕ್ಕೆ ಬಂದಿತು. ಅದರೊಡನೆ ನೆಲದ ತೇವಕ್ಕೆ ಅಂಜುವ ರೂಢಿಯೂ ಮುಚ್ಚಿಹೋಯಿತು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಆಣೆಕಟ್ಟಿನಿಂದ 1970ರ ದಶಕದಲ್ಲಿ ನರಗುಂದದ ಕಡೆಗೆ ಕಾಲುವೆಗಳು ಬಂದ ಮೇಲೆ ಎಷ್ಟೋ ಕಡೆ ನೆಲದ ತೇವವೇ ಹೆಚ್ಚಿತು. ಎರೆಯಲ್ಲಿ ನೀರು ಬೇಗನೆ ಇಂಗುವದಿಲ್ಲವೆಂಬುದನ್ನು ಮರೆತು ಇಲ್ಲಿ ತೋಡಿದ ಇಂಗುಗುಂಡಿಯು ಬಹು ಬೇಗನೆ ತುಂಬಿನಿಂತು ಸೊಳ್ಳೆಗಳ ತವರಾಗುವದು.

ಗಚ್ಚಿನ ಕಾಲದ ನೆಲಗೆಲಸವನ್ನೂ ಇಲ್ಲಿ ನೆನೆಯಬೇಕು. ಸುಣ್ಣ ಮರಳುಗಳನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ, ದಿನಗಟ್ಟಲೆ ಬಡಿದು ಕೂರಿಸಿದ ಗಚ್ಚು ತುಸು ಅಲುಗಿದರೂ ಒಡೆಯುತ್ತಿರಲಿಲ್ಲ. 1824ರಲ್ಲಿ ಇಂಗ್ಲಂಡದ ಜೋಸೆಫ್ ಆಸ್ಪ್ಡಿನ್ ಎಂಬ ಗೌಂಡಿಯು ಪೋರ್ಟ್‌ಲಂಡ್ ಸಿಮೆಂಟಿಗೆ ಸನ್ನದು ಪಡೆದನು. ಅದು ಈ ಸೀಮೆಯ ಮನೆಗಳಿಗೆ ಮುಟ್ಟಲು ನೂರು ವರ್ಷಗಳಿಗಿಂತ ಹೆಚ್ಚು ಹಿಡಿಯಿತು. ಸಿಮೆಂಟು ಬೇಗನೆ ಗಟ್ಟಿಯಾಗುವದು, ಆದರೆ ಬಾಗಲಾರದು. ಉಬ್ಬುವ ನೆಲದ ಮೇಲೆ ಕೂದಲೆಳೆಯಂತಹ ಬಿರುಕು ಬಿಡುವದು. ಅದರ ಮೇಲೆ ಬಿಲ್ಲೆಗಳನ್ನು ಹಾಸಿದರೆ ಬಿರುಕು ಕಣ್ಣಿಗೆ ಕಾಣುವದಿಲ್ಲ, ನೀರಿಗೆ ಕಾಣುವದು. ಬಿಲ್ಲೆಯ ಕೆಳಗೆ ನೀರು ತಡೆಯುವ ಲೇಪವನ್ನು ಕೊಟ್ಟು, ಅದನ್ನು ಗೋಡೆಯ ಮೇಲೆಯೂ ಒಂದು ಮೊಳವಾದರೂ ಏರಿಸಿ, ಒಂದೆರಡು ದಿನ ನೀರು ನಿಲ್ಲಿಸಿ ಪರೀಕ್ಷಿಸಿದ ಮೇಲೆಯೇ ಬಿಲ್ಲೆ ಕೂಡಿಸಬೇಕು. ಮಾಳಿಗೆಯ ಮೇಲೆ ಬಚ್ಚಲು ಕಟ್ಟಿಸುವವರಿಗಂತೂ ಈ ಕ್ರಮವು ತಪ್ಪಿದರೆ ಕೆಳಗಿನ ಕೋಣೆಯಲ್ಲಿ ಮಳೆಗಾಲವು ಹನ್ನೆರಡು ತಿಂಗಳೂ ಇರುವದು.

ಹಂಡೆಯ ಒಲೆಯ ವಿಷಯವು ಇದಕ್ಕಿಂತಲೂ ಗಂಭೀರವಾದುದು. ಹಳೆಯ ಮನೆಗಳಲ್ಲಿ ಜಾಣ ಗೌಂಡಿಗಳು ಹಂಡೆಯನ್ನು ಬಚ್ಚಲಿನೊಳಗಿಟ್ಟು, ಉರಿ ಹಾಕುವ ಬಾಯಿಯನ್ನು ಹಿತ್ತಲಿನ ಕಡೆಗೆ ತೆರೆಯುತ್ತಿದ್ದರು. ಹೊಗೆ ಹೊರಗೆ, ಬಿಸಿನೀರು ಒಳಗೆ. ಒಲೆಯ ಬಾಯಿ ಒಳಗಿದ್ದ ಮನೆಗಳಲ್ಲಿ ಗೋಡೆಗಳು ಮಸಿಹಿಡಿದು, ಹೆಂಗಸರ ಕಣ್ಣುಗಳು ಕೆಟ್ಟವು. ಬಾಣಂತಿಗೆ ಎರೆಯುವ ದಿನಗಳಲ್ಲಿ ಈ ಭೇದವು ಪ್ರಾಣದ ಪ್ರಶ್ನೆಯಾಗುತ್ತಿದ್ದಿತು. ಗಾಳಿ ಸೋಕಬಾರದೆಂದು ಬಚ್ಚಲಿನ ಕಿಂಡಿಗೆ ಅರಿವೆ ತುರುಕಿ, ಬಾಗಿಲಿಗೆ ಕಂಬಳಿ ಕಟ್ಟಿ, ಒಳಗೆ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು, ಹಂಡೆಗಟ್ಟಲೆ ಬಿಸಿನೀರನ್ನು ಹೊಯ್ಯುವರು. ಬಾಣಂತಿಗೆ ಬವಳಿ ಬಂದರೆ ಅದು ನೀರಿನ ಬಿಸಿಯಿಂದ, ನಿತ್ರಾಣದಿಂದ ಎಂದು ತಿಳಿಯುವರು. ಆ ಕಾರಣಗಳೂ ಇರಬಹುದು. ಆದರೆ ಗಾಳಿಯಿಲ್ಲದ ಸ್ಥಳದಲ್ಲಿ ಉರಿಯುವ ಕೆಂಡದಿಂದ ಬಣ್ಣ ವಾಸನೆಗಳಿಲ್ಲದ ವಿಷವಾಯುವೊಂದು ಹುಟ್ಟುವದು. ಅದಕ್ಕೆ ಕಾರ್ಬನ್ ಮೊನಾಕ್ಸೈಡ್ ಎಂದು ಹೆಸರು. ಅದು ರಕ್ತವನ್ನು ಸೇರಿ, ಪ್ರಾಣವಾಯುವಿಗೆ ಅಲ್ಲಿ ಎಡೆಯಿಲ್ಲದಂತೆ ಮಾಡುವದು. ಅಜ್ಜಿಯರು ಪ್ರೀತಿಯಿಂದ ಮುಚ್ಚಿದ ಕಿಂಡಿಗಳಲ್ಲಿ ಎಷ್ಟು ಜೀವಗಳು ಸಿಕ್ಕಿಕೊಂಡವೋ ಲೆಕ್ಕವಿಟ್ಟವರಿಲ್ಲ. ಹಂಡೆ ಹೋಗಿ ಗ್ಯಾಸ್ ಗೀಜರ್ ಬಂದಿದೆ. ತಪ್ಪು ಮಾತ್ರ ಹೋಗಿಲ್ಲ. ಕಿಂಡಿಯಿಲ್ಲದ, ಇದ್ದ ಕಿಂಡಿಗೂ ಗಾಜು ಬಡಿದ ಪುಟ್ಟ ಬಚ್ಚಲಿನೊಳಗೆ ಗ್ಯಾಸ್ ಗೀಜರನ್ನು ತೂಗುಹಾಕಿ ಬಾಗಿಲಿಗೆ ಅಗಳಿಯಿಕ್ಕಿಕೊಂಡು ಮೀಯಲು ಹೋದವರು ಹೊರಗೆ ಬಾರದ ಸುದ್ದಿಗಳನ್ನು ವಾಚಕರು ಪ್ರತಿ ಚಳಿಗಾಲದಲ್ಲಿಯೂ ಓದಿರಬಹುದು. ಉರಿಯುವ ಯಂತ್ರವು ಹೊರಗಿರಬೇಕು, ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಬೇಕು. ಹಂಡೆಯ ಬಾಯಿಯನ್ನು ಹಿತ್ತಲಿಗೆ ತೆರೆದ ಗೌಂಡಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬಿಸಿನೀರಿನ ವಿಷಯದಲ್ಲಿ ಅಷ್ಟಾಂಗಹೃದಯಕಾರನಾದ ವಾಗ್ಭಟನು ಹೇಳಿರುವ ವಿವೇಕವನ್ನೂ ಮರೆಯಬಾರದು: ಅದು ಕತ್ತಿನಿಂದ ಕೆಳಗೆ ಬಲಕರ, ತಲೆಗೆ ಹೊಯ್ದರೆ ಕೂದಲಿಗೂ ಕಣ್ಣಿಗೂ ಹಾನಿಕರ.

ಅಲಂಕಾರದ ಮಾತಿಗೆ ಬಂದರೆ, ಬಚ್ಚಲನ್ನು ಸಿಂಗರಿಸುವದು ಈ ನಾಡಿಗೆ ಹೊಸದೇನೂ ಅಲ್ಲ. ನರಕಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅಂದು ಮನೆಯ ಹೆಂಗಸರು ಬಚ್ಚಲಿನ ಕಲ್ಲುಗಳನ್ನು ಉಜ್ಜಿ ತೊಳೆದು, ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿ, ಒಲೆಯನ್ನು ಸಾರಿಸಿ ಕೆಮ್ಮಣ್ಣು ಸುಣ್ಣಗಳ ಪಟ್ಟಿಯನ್ನು ಎಳೆದು, ಹಂಡೆಯ ಕೊರಳಿಗೆ ಹಿಂಡಲಕಾಯಿಯ ಬಳ್ಳಿಯನ್ನು ಸುತ್ತಿ, ರಂಗವಲ್ಲಿಯಿಕ್ಕಿ, ಹೊಸ ನೀರನ್ನು ತುಂಬಿ ಪೂಜಿಸುವರು. ಮನೆಯ ಬೇರಾವ ಮೂಲೆಗೂ ವರ್ಷಕ್ಕೊಂದು ದಿನದ ಇಂತಹ ಗೌರವವಿಲ್ಲವೆಂದರೆ ನಡೆದೀತು. ಈ ಅಲಂಕಾರದ ವೈಶಿಷ್ಟ್ಯವೇನೆಂದರೆ ಕೊಳೆಯನ್ನು ತೆಗೆಯದೆ ಅದನ್ನು ಮಾಡಲು ಬಾರದು. ಪಾಚಿಗಟ್ಟಿದ ಕಲ್ಲಿನ ಮೇಲೆ ರಂಗವಲ್ಲಿ ನಿಲ್ಲುವದಿಲ್ಲ. ಜಿಡ್ಡು ಹಿಡಿದ ಗೋಡೆಗೆ ಸುಣ್ಣ ಹತ್ತುವದಿಲ್ಲ. ಸುಣ್ಣವಾದರೂ ತೇವದ ಬೂಷ್ಟನ್ನು ಕೊಲ್ಲುವ ವಸ್ತುವೇ. ಈಗಿನ ಅಲಂಕಾರವು ಇದಕ್ಕೆ ವಿರುದ್ಧವಾದುದು. ಸುಳ್ಳು ಮಾಳಿಗೆಯು ಸೋರುವ ಕೊಳವೆಯನ್ನು ಮರೆಮಾಡುವದು, ತೊಟ್ಟಿಯ ಕೆಳಗಿನ ಕಪಾಟು ಒದ್ದೆ ಮೂಲೆಯನ್ನು ಮುಚ್ಚುವದು, ಕಡುಬಣ್ಣದ ಬಿಲ್ಲೆಯು ಪಾಚಿಯನ್ನು ಅಡಗಿಸುವದು. ಮರೆಮಾಡಿದ್ದು ವರ್ಷಗಳ ಮೇಲೆ ವಾಸನೆಯಿಂದ ತನ್ನನ್ನು ತಾನೇ ತೋರಿಸಿಕೊಳ್ಳುವದು. ಅಚ್ಚ ಬಿಳಿಯ ಅಥವಾ ತಿಳಿಬಣ್ಣದ ಗೋಡೆಯು ಕೊಳೆಯನ್ನು ಕೂಡಲೆ ದೂರು ಹೇಳುವದೆಂದು ಅದನ್ನು ಬೇಡವೆನ್ನುವವರುಂಟು. ಅದು ಅದರ ಗುಣ, ದೋಷವಲ್ಲ.

ನೆಲಕ್ಕೆ ಮೆರಗಿನ ಬಿಲ್ಲೆಯನ್ನು ಹಾಸುವದು ಈ ಎಲ್ಲ ತಪ್ಪುಗಳಲ್ಲಿ ಅತಿ ಕ್ರೂರವಾದುದು. ಗಜೇಂದ್ರಗಡದ ಬೆಟ್ಟದ ಮರಳುಗಲ್ಲು ಒದ್ದೆಯಾದರೂ ಕಾಲನ್ನು ಹಿಡಿಯುತ್ತಿದ್ದಿತು. ಶಹಾಬಾದದ ಪರಸಿಯು ಉಜ್ಜಿ ಮೆರಗು ಕೊಡದ ವರೆಗೆ ನಂಬಿಕೆಯ ಕಲ್ಲೇ. ಕನ್ನಡಿಯಂತಹ ಬಿಲ್ಲೆಯ ಮೇಲೆ ಸಾಬೂನಿನ ನೀರು ಬಿದ್ದರೆ ಎಪ್ಪತ್ತು ದಾಟಿದ ಮುದುಕಿಗೆ ಅದು ಬಚ್ಚಲಲ್ಲ, ಬಲೆ. ಚಪ್ಪೆಯ ಎಲುಬು ಮುರಿದ ವೃದ್ಧರಲ್ಲಿ ಎಷ್ಟೋ ಜನರು ಮತ್ತೆ ನಡೆದಾಡುವದಿಲ್ಲ. ಗೋಡೆಗೆ ನಾಲ್ಕು ಬಗೆಯ ಬಣ್ಣದ ಪಟ್ಟಿಗಳನ್ನು ಕೂಡಿಸುವ ಯಜಮಾನನು ಹಿಡಿದು ಏಳಲು ಒಂದು ಕಬ್ಬಿಣದ ಹಿಡಿಕೆಯನ್ನು ಹಾಕಿಸಲು ಮರೆಯುವನು. ಬಾಗಿಲಿನ ಮಾತೂ ಹಾಗೆಯೇ: ಅದು ಒಳಗೆ ತೆರೆಯುವದಾದರೆ, ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗಿ ಸಹಾಯಕ್ಕೆ ಬಂದವರು ಹೊರಗೇ ನಿಲ್ಲಬೇಕಾಗುವದು. ಹೊರಗೆ ತೆರೆಯುವ ಬಾಗಿಲೇ ಯೋಗ್ಯ. ವಿದ್ಯುತ್ತಿನ ಗುಂಡಿಗಳು ನೀರು ಸಿಡಿಯುವಷ್ಟು ಹತ್ತಿರವಿರಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪರಸಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಅದು ಸುಣ್ಣಕಲ್ಲಿನ ಜಾತಿಯಾದುದರಿಂದ ಬಚ್ಚಲು ತೊಳೆಯಲು ಮಾರುವ ಆಮ್ಲಗಳನ್ನು ಅದರ ಮೇಲೆ ಸುರಿದರೆ ಕಲ್ಲೇ ಕರಗಿ ಕುಳಿ ಬೀಳುವದು. ಕೊಳವೆಬಾವಿಯ ಸವಳುನೀರಿನ ಬಿಳಿಯ ಹಳಕು ಹೊಳೆಯುವ ನಲ್ಲಿಗಳನ್ನು ಬಹುಬೇಗ ಕುರೂಪಗೊಳಿಸುವದು. ಇದಕ್ಕೆ ಸರಳವಾದ ಹಿತ್ತಾಳೆಯ ನಲ್ಲಿಯೇ ಲೇಸು.

ಪಾಯಖಾನೆಯನ್ನು ಬಚ್ಚಲಿನೊಡನೆ ಕೂಡಿಸುವ ಪದ್ಧತಿಯು ಈ ಊರುಗಳಿಗೆ ಈಚಿನದು. ಮೊದಲು ಅನುಕೂಲಸ್ಥರ ಮನೆಗಳಲ್ಲಿ ಅದು ಹಿತ್ತಲಿನ ಕೊನೆಯಲ್ಲಿರುತ್ತಿದ್ದು, ಹಿಂದಿನ ಓಣಿಯ ಕಡೆಗೆ ಅದಕ್ಕೊಂದು ಕಿರುಬಾಗಿಲಿರುತ್ತಿದ್ದಿತು. ಆ ಬಾಗಿಲಿನಿಂದ ಬಗ್ಗಿ ಬಂದು ಮಲವನ್ನು ಹೊತ್ತು ಒಯ್ಯುವ ಮನುಷ್ಯನೊಬ್ಬನು ದಿನವೂ ಬರುವನೆಂದು ಗೃಹೀತ ಹಿಡಿದೇ ಆ ಮನೆಯನ್ನು ಕಟ್ಟಲಾಗಿದ್ದಿತು. ಬಚ್ಚಲು ಪಾಯಖಾನೆಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಬೇರೊಂದಿಲ್ಲ. ಅದು ಕಲ್ಲಿನ ತಪ್ಪಲ್ಲ, ಕಟ್ಟಿಸಿದವರ ಮನಸ್ಸಿನ ತಪ್ಪು. ಕರ್ನಾಟಕದಲ್ಲಿ 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವದನ್ನು ನಿಲ್ಲಿಸಲು ಮುಂದಾದರು. ಇಡಿಯ ದೇಶಕ್ಕೆ 1993ರಲ್ಲಿ ಒಂದು ಕಾನೂನು, 2013ರಲ್ಲಿ ಅದಕ್ಕಿಂತ ಬಲವಾದ ಇನ್ನೊಂದು ಬಂದವು. ಈಗಲೂ ಮಲದ ಗುಂಡಿಯನ್ನು ಮನುಷ್ಯನು ಇಳಿದೇ ತೊಳೆಯಬೇಕಾಗುವಂತೆ, ಗಾಳಿಗೊಳವೆಯಿಲ್ಲದೆ, ಯಂತ್ರದ ಕೊಳವೆಗೆ ದಾರಿಯಿಲ್ಲದೆ ಕಟ್ಟಿಸುವವರು ಆ ಕಿರುಬಾಗಿಲನ್ನು ನೆಲದಡಿಯಲ್ಲಿ ಮತ್ತೆ ತೆರೆದಂತಾಯಿತು. ವಾಸನೆಯ ನಿವಾರಣೆಗೆ ಲಂಡನ್ನಿನ ಗಡಿಯಾರಗಾರ ಅಲೆಗ್ಜಾಂಡರ್ ಕಮಿಂಗನು 1775ರಲ್ಲಿಯೇ ಉಪಾಯವನ್ನು ಕಂಡುಹಿಡಿದನು. ಕೊಳವೆಯನ್ನು ಹಾವಿನಂತೆ ಬಾಗಿಸಿದರೆ ಬಾಗಿದಲ್ಲಿ ನೀರು ನಿಂತು, ಗಟಾರದ ಗಾಳಿಯು ಹಿಂದಕ್ಕೆ ಬರದು. ಈ ಬಾಗನ್ನು ಉಳಿಸಿ ಊದುಬತ್ತಿಗೆ ಹಣ ಸುರಿಯುವ ಮನೆಗಳು ಕಡಿಮೆಯಿಲ್ಲ.

ನೀರಿನ ಮಿತವ್ಯಯದ ಮಾತು ಉಳಿಯಿತು. ಹಳೆಯ ಬಚ್ಚಲಿನ ತೂಬಿನ ಬಾಯಲ್ಲಿ ಹಿತ್ತಲಿನ ಬಾಳೆ, ಕರಿಬೇವು, ತೆಂಗು ಬೆಳೆಯುತ್ತಿದ್ದವು; ಸೀಗೆ ಕಡಲೆಹಿಟ್ಟುಗಳಿಂದ ಮಿಂದ ನೀರು ಗಿಡಕ್ಕೆ ಕೇಡು ಮಾಡುತ್ತಿರಲಿಲ್ಲ. ಕುಡಿಯುವ ನೀರ ಸಲುವಾಗಿ ಮಹಾದಾಯಿಯ ಹೋರಾಟವು 2015ರಲ್ಲಿ ಆರಂಭವಾದದ್ದು ಇದೇ ನರಗುಂದದಲ್ಲಿ. ಅಂತಹ ಸೀಮೆಯ ಹೊಸ ಮನೆಗಳಲ್ಲಿ ಮಿಂದ ನೀರೂ ಪಾಯಖಾನೆಯ ನೀರೂ ಒಂದೇ ಕೊಳವೆಯಲ್ಲಿ ಕೂಡಿ ಗುಂಡಿ ಸೇರುವವು. ಮಿಂದ ನೀರಿಗೆ ಬೇರೊಂದು ಕೊಳವೆಯನ್ನಿಡಲು ಕಟ್ಟುವಾಗ ತಗಲುವ ವೆಚ್ಚವು ಒಂದು ಹೊಳೆಯುವ ನಲ್ಲಿಯ ಬೆಲೆಗಿಂತ ಹೆಚ್ಚಾಗಲಾರದು. ಆಮೇಲೆ ನೆಲವನ್ನು ಅಗೆದು ಇಡಿಸಬೇಕಾದರೆ ಲೆಕ್ಕವೇ ಬೇರೆ.

ಎಂಟು ಅಡಿಯ ಬಚ್ಚಲಿಗೆ ಒಂದೂವರೆ ಅಂಗುಲದ ಇಳಿಜಾರು ಸಾಕು. ಮಗ್ಗುಲ ಕೋಣೆಗಿಂತ ನೆಲವು ಒಂದು ಅಂಗುಲವಾದರೂ ತಗ್ಗಿರಬೇಕು. ಹಳೆಯ ಗೌಂಡಿಗಳು ಇದನ್ನು ಅಳೆಯಲು ಬೇರೆ ಯಂತ್ರವನ್ನು ಬಳಸುತ್ತಿರಲಿಲ್ಲ. ಕಲ್ಲು ಹಾಸಿ ಮುಗಿದ ದಿನ ದೂರದ ಮೂಲೆಯಲ್ಲಿ ಕುಳಿತು ಒಂದು ತಂಬಿಗೆ ನೀರನ್ನು ನೆಲಕ್ಕೆ ಹೊಯ್ಯುವರು. ಅದು ಎಲ್ಲಿಯೂ ತಡೆಯದೆ ತೂಬಿನ ಬಾಯಿಗೆ ಹೋಗಿ ಹಿತ್ತಲಲ್ಲಿ ಬಿದ್ದ ಸಪ್ಪಳ ಕೇಳಿದ ಮೇಲೆಯೇ ಎದ್ದು ಕೈ ತೊಳೆದುಕೊಳ್ಳುವರು. ನಡುವೆ ಎಲ್ಲಿಯಾದರೂ ನೀರು ನಿಂತರೆ ಆ ಕಲ್ಲನ್ನು ಅಂದೇ ಕಿತ್ತು ಮತ್ತೆ ಕೂರಿಸುವರು.